ಅಡಿವೆಪ್ಪನಿಗೆ ಮಂಗಳ

"ಅಲ್ಲಾ, ಐದು ಮಿನಿಟು ಹಿಂದ ಸರಿಸಿದ್ರ ಇವನದೇನು ಹೋಗ್ತದ?"

ಯಮುನಾಬಾಯಿ ಹೀಗೆ ಕೇಳಿದ್ದು ಒರಳುಕಲ್ಲನ್ನು. ಅಡಿಗೆಮನೆಯಲ್ಲಿ ಅದರ ಹೊರತು ಯಾರೂ ಇರಲಿಲ್ಲ. ಕಲ್ಲು ತನ್ನ ಪಾಡಿಗೆ ತಾನು ಗುರುಗುರು ಎನ್ನುತ್ತ ನೆನೆದ ಬೇಳೆಯನ್ನು ಅರೆಯುತ್ತಿತ್ತು. "ಹಟಮಾರಿ," ಎಂದು ಆಕೆ ತಾನೇ ತೀರ್ಪು ಕೊಟ್ಟು ಇನ್ನೊಂದು ಹಿಡಿ ಬೇಳೆ ಹಾಕಿದಳು.

ಹಟಮಾರಿ ಎನ್ನಿಸಿಕೊಂಡವನು ಅಡಿವೆಪ್ಪ. ಅವನು ಆ ಮನೆಯವನಲ್ಲ, ಓಣಿಯವನಲ್ಲ, ಹಾಗೆ ನೋಡಿದರೆ ಎಲ್ಲಿಯವನೂ ಅಲ್ಲ. ಒಂದು ಕಾದಂಬರಿಯೊಳಗಿನ ಮನುಷ್ಯ. ಹೊರಗೆ ಪಡಸಾಲೆಯಲ್ಲಿ ಯಮುನಾಬಾಯಿಯ ಮೈದುನ ಗುರುರಾಜ ಆ ಕಾದಂಬರಿಯನ್ನು ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳುತ್ತಿದ್ದ. ಸಂಜೆ ಗುಡಿಯಲ್ಲಿ ಅದನ್ನೇ ನೂರು ಜನರ ಮುಂದೆ ಓದಬೇಕಿತ್ತು.

ಗುಡಿಯಲ್ಲಿ ಕಾದಂಬರಿ ಯಾಕೆ ಎಂದು ಕೇಳುವವರಿಗೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಬೆಟಗೇರಿಯ ಹಳೇ ಓಣಿಯ ಹನಮಪ್ಪನ ಗುಡಿಯಲ್ಲಿ ಶ್ರಾವಣ ತಿಂಗಳಿಡೀ ಪುರಾಣ ನಡೆಯುತ್ತಿತ್ತು. ಮೂವತ್ತು ವರ್ಷ ಅಲ್ಲಿ ಪದ್ಯ ಹಾಡಿ ಅರ್ಥ ಹೇಳಿದವರು ನರಸಿಂಹಾಚಾರ್ಯರು. ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಅವರು ಹಲ್ಲು ಕೀಳಿಸಿಕೊಂಡು ಲಕ್ಷ್ಮೇಶ್ವರದ ಮಗಳ ಮನೆ ಸೇರಿದರು. ಹೊಸ ಹಲ್ಲು ಕಟ್ಟಿಸಿದ ಮೇಲೆ ಅವರ ಬಾಯಲ್ಲಿ ಷಟ್ಪದಿ ಸೀಟಿ ಹೊಡೆಯತೊಡಗಿತಂತೆ. ಅವರ ಜಾಗಕ್ಕೆ ಗುರುರಾಜನನ್ನು ಕೂರಿಸಿದರು. ಅವನು ಶಾಲೆಯಲ್ಲಿ ಲೆಕ್ಕದ ಮಾಸ್ತರ. ಮೊದಲ ದಿನವೇ ಯುದ್ಧದ ಪದ್ಯಗಳನ್ನು ಹದಿನೇಳರ ಮಗ್ಗಿಯ ಧಾಟಿಯಲ್ಲಿ ಓದಿ ಮುಗಿಸಿದ. ವೀರರೆಲ್ಲ ಭಾಗಾಕಾರವಾಗಿ ಬಿದ್ದರು, ಶೇಷವೇನೂ ಉಳಿಯಲಿಲ್ಲ. ಕಂಬಕ್ಕೆ ಒರಗಿ ಕೂತಿದ್ದ ಯಮುನಾಬಾಯಿ, ತೊಟ್ಟಿಲಿನಿಂದಲೂ ಪದ್ಯ ಕೇಳಿಕೊಂಡೇ ಬೆಳೆದವಳು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಜನ ಆಕೆ ಭಕ್ತಿಯಿಂದ ಅಳುತ್ತಿದ್ದಾಳೆ ಎಂದುಕೊಂಡರು.

"ಮಾಸ್ತರ, ಪದ್ಯದ ತಂಟಿ ಬಿಡ್ರಿ," ಎಂದ ಸಂಗಪ್ಪ. ಅವನು ಅರಳೆ ದಲಾಲಿ, ಗುಡಿ ಕಮಿಟಿಯ ಅಧ್ಯಕ್ಷ, ಶಾಲೆಯ ಕಮಿಟಿಯಲ್ಲೂ ಇದ್ದವನು. "ನನ್ನ ಕಡೆ ಒಂದು ಪುಸ್ತಕ ಐತಿ. ಬರೇ ಮಾತು, ಪದ್ಯ ಒಂದೂ ಇಲ್ಲ. ಅದನ್ನ ಓದ್ರಿ."

ಪುಸ್ತಕ ಶಿರಹಟ್ಟಿಯ ಬೀಗರ ಮದುವೆಯಲ್ಲಿ ಯಾರೋ ಉಡುಗೊರೆಯಾಗಿ ಕೊಟ್ಟದ್ದು. ಹೆಸರು 'ತನ್ನ ತಾಸು'. ಬರೆದವರ ಹೆಸರನ್ನು ಇಲಿ ತಿಂದಿತ್ತು. ಸಂಗಪ್ಪ ಹನ್ನೊಂದು ಪುಟ ಓದಿದ್ದ. ಹನ್ನೊಂದನೆಯ ಪುಟದಲ್ಲಿ ಅಡಿವೆಪ್ಪ, "ನಾನು ಯಾರ ಮುಂದೂ ತಲೆ ಬಾಗಿಸುವವನಲ್ಲ" ಎನ್ನುತ್ತಾನೆ. ಅಲ್ಲಿಗೆ ಸಂಗಪ್ಪನಿಗೆ ಇದು ತನ್ನದೇ ಚರಿತ್ರೆ ಎಂದು ಖಾತ್ರಿಯಾಗಿ, ಮುಂದೆ ಓದುವ ಅಗತ್ಯ ಬೀಳಲಿಲ್ಲ.

ಹೀಗೆ ಕಾದಂಬರಿಯು ವ್ಯಾಸಪೀಠ ಏರಿತು. ಏರಿದ ಮೇಲೆ ಅದಕ್ಕೂ ಪುರಾಣದ ಮರ್ಯಾದೆಯೇ. ಪೂಜಾರಿ ಹುಲಗಪ್ಪ ರಟ್ಟಿಗೆ ಕುಂಕುಮ ಹಚ್ಚಿದ, ಹೂ ಏರಿಸಿದ, ಒಂದು ಸಲ ತೀರ್ಥವನ್ನೂ ಪ್ರೋಕ್ಷಿಸಿದ. ನಲವತ್ತನೆಯ ಪುಟವೂ ನಲವತ್ತೊಂದನೆಯ ಪುಟವೂ ಅಂಟಿಕೊಂಡವು. ಅವುಗಳ ನಡುವೆ ಅಡಿವೆಪ್ಪನ ಬಾಲ್ಯವಿತ್ತು, ಅದು ಬೆಟಗೇರಿಗೆ ಇವತ್ತಿಗೂ ಗೊತ್ತಿಲ್ಲ.

ಪುರಾಣಕ್ಕೆ ಇನ್ನೂ ಒಂದು ಕಟ್ಟಳೆಯಿತ್ತು. ಸಾವಿನ ಮೇಲೆ ಪುಸ್ತಕ ಮುಚ್ಚುವಂತಿಲ್ಲ. ಕಥೆಯಲ್ಲಿ ಯಾರಾದರೂ ಸತ್ತರೆ ಓದುವವರು ಅಲ್ಲಿ ನಿಲ್ಲದೆ ದಡದಡ ಮುಂದೆ ಓಡಿ, ಒಂದು ಮದುವೆಯೋ ಪಟ್ಟಾಭಿಷೇಕವೋ, ಏನೂ ಇಲ್ಲದಿದ್ದರೆ ಒಂದು ಹೆರಿಗೆಯಾದರೂ ಸಿಗುವ ತನಕ ಓದಿ ಅಲ್ಲಿ ಮುಚ್ಚಬೇಕು. ಇನ್ನು ಕಡೆಯ ದಿನ, ಪುಸ್ತಕ ಮುಗಿದ ಮೇಲೆ, ಒಬ್ಬ ಮುತ್ತೈದೆ ಆರತಿ ಹಿಡಿದು ಮಂಗಳ ಹಾಡಬೇಕು. ಹಾಡದ ಹೊರತು ಪುರಾಣ ಮುಗಿದಂತಲ್ಲ. ಪುರಾಣ ಮುಗಿಯದ ಹೊರತು ಎಲೆಗೆ ಹೋಳಿಗೆ ಬೀಳುವಂತಿಲ್ಲ.

ಆ ಹಾಡಿನ ಹಕ್ಕು ಯಮುನಾಬಾಯಿಯ ಮನೆಯದು. ಮೊದಲು ಅತ್ತೆ ಭಾಗೀರಥಿಬಾಯಿ ಹಾಡುತ್ತಿದ್ದರು. ಅವರ ನಂತರ ಇಪ್ಪತ್ತೆರಡು ವರ್ಷ ಯಮುನಾಬಾಯಿ. ವರ್ಷದ ಉಳಿದೆಲ್ಲ ದಿನ ಆಕೆಯ ದನಿ ಅಡಿಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಗಂಡ ಶ್ರೀಪಾದರಾಯರು ಮುಂಡರಗಿಯ ಕಚೇರಿಗೆ ಬದಲಿಯಾಗಿ ರವಿವಾರ ಮಾತ್ರ ಬರುತ್ತಿದ್ದರು. ಅವರಿಗೂ ಆಕೆ ಮಾತಾಡುವುದು ಕಡಿಮೆ ಎಂಬ ಸಮಾಧಾನವಿತ್ತು. ಆದರೆ ವರ್ಷಕ್ಕೆ ಒಂದು ಸಂಜೆ, ಎರಡು ನಿಮಿಷ, ಇಡೀ ಓಣಿ ಆಕೆಯ ದನಿಗೆ ಸುಮ್ಮನಾಗುತ್ತಿತ್ತು. ಆ ಎರಡು ನಿಮಿಷವನ್ನು ಆಕೆ ವರ್ಷವಿಡೀ ಒಗ್ಗರಣೆ ಹಾಕುತ್ತ, ಪಾತ್ರೆ ತಿಕ್ಕುತ್ತ ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದಳು. ಒಂದು ವರ್ಷ ತಪ್ಪಿದರೆ ಹಕ್ಕು ತಪ್ಪಿತು. ಆ ವರ್ಷ ಹಾಡಿದವರದೇ ಮುಂದಿನದೂ. ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಎದುರು ಮನೆಯ ಪದ್ಮಾಬಾಯಿಗೆ. ಆಕೆ ಗದಗಿನಲ್ಲಿ ಮೂರು ವರ್ಷ ಹಾರ್ಮೋನಿಯಂ ಪೇಟಿ ಕಲಿತವಳು. ಪ್ರತಿ ಶ್ರಾವಣದ ಕಡೆಯ ದಿನ "ಇರ್ಲಿ ಅಂತ" ತನ್ನದೇ ಒಂದು ಆರತಿ ತಟ್ಟೆ ಸಿಂಗರಿಸಿಕೊಂಡು ಬರುತ್ತಿದ್ದಳು. ಯಮುನಾಬಾಯಿಗೆ ನೆಗಡಿಯಾದರೆ ವಿಚಾರಿಸಲು ಮೊದಲು ಬರುವವಳೂ ಆಕೆಯೇ.

ಭಾಗೀರಥಿಬಾಯಿ ಒಂದು ಮಾತು ಹೇಳಿ ಹೋಗಿದ್ದರು. "ಮಂಗಳಾ ಅಂದ್ರ ಆರತಿ ಅಲ್ಲವಾ ಯಮುನಾ. ಕಿವಿಲೆ ಕೇಳಿದ್ದಕ್ಕ ಬಾಯಿಲೆ ರುಜು ಹಾಕೂದು." ಒಂದು ವರ್ಷ ಆ ತಾಯಿಗೆ ಕಡೆಯ ದಿನ ತೂಕಡಿಕೆ ಬಂದು ಹನ್ನೆರಡು ಪದ್ಯ ತಪ್ಪಿದ್ದವು. ಎದ್ದವರು, "ಆಚಾರ್ಯ, ಆ ಹನ್ನೆರಡು ಮತ್ತ ಓದ್ರಿ, ಕೇಳದ ನಾ ಹಾಡೂದಿಲ್ಲ" ಎಂದು ಕೂತುಬಿಟ್ಟರು. ಜನ ಹಸಿದ ಹೊಟ್ಟೆಯಲ್ಲಿ ಹನ್ನೆರಡು ಪದ್ಯ ಮತ್ತೊಮ್ಮೆ ಕೇಳಿದರು.

ಇನ್ನು ಅಡಿವೆಪ್ಪನ ಕಥೆ.

ಒಂದು ಸಣ್ಣ ಸಂಸ್ಥಾನ. ಅದರ ನಡುವೆ ಒಂದು ಗಡಿಯಾರದ ಗೋಪುರ. ಅದಕ್ಕೆ ಕೀಲಿ ಕೊಡುವವನು ಅಡಿವೆಪ್ಪ. ರಾಜ ತಡವಾಗಿ ಏಳುವವನು. ಹತ್ತಕ್ಕೆ ದರ್ಬಾರಿಗೆ ಬರಬೇಕಾದವನು ಹತ್ತೂ ಐದಕ್ಕೆ ಬರುತ್ತಿದ್ದ. ದಿವಾನ ಒಂದು ಉಪಾಯ ಹುಡುಕಿದ: ರಾಜ ಬೇಗ ಏಳುವುದು ಕಷ್ಟ, ಗಡಿಯಾರವನ್ನು ಐದು ಮಿನಿಟು ಹಿಂದೆ ಸರಿಸುವುದು ಸುಲಭ. ಅಡಿವೆಪ್ಪ ಒಪ್ಪಲಿಲ್ಲ. "ತಾಸು ನನ್ನದಲ್ಲ, ರಾಜರದೂ ಅಲ್ಲ. ನಾನು ತೋರಿಸುವವನು ಮಾತ್ರ" ಎಂದ. ಹೊಲ ಕೊಡುತ್ತೇವೆ ಎಂದರು, ಒಲ್ಲೆ ಎಂದ. ಹೊಡೆದರು, ಹೊಡೆಸಿಕೊಂಡ. ಆಮೇಲೆ ಊರ ಜನ ಬಂದು ಕೈ ಮುಗಿದರು: ನಿನ್ನೊಬ್ಬನ ಸಲುವಾಗಿ ಊರಿಗೆಲ್ಲ ತ್ರಾಸ, ಸರಿಸಿಬಿಡು ಮಾರಾಯ. ಅದಕ್ಕೂ ಅವನು ಬಗ್ಗಲಿಲ್ಲ. ಅವನಿಗೆ ಸಿಟ್ಟೂ ಇರಲಿಲ್ಲ, ಭಾಷಣವೂ ಬರುತ್ತಿರಲಿಲ್ಲ. ಪ್ರತಿ ದಿನ ನೂರಾ ಹದಿನಾಲ್ಕು ಮೆಟ್ಟಿಲು ಏರಿ, ಕೀಲಿ ಕೊಟ್ಟು, ಇಳಿದು ಬರುವುದಷ್ಟೇ ಗೊತ್ತಿತ್ತು. ಇಂಥವನ ಮೇಲೆ ಆ ಇಲಿಗೆ ಆಹಾರವಾದ ಕಾದಂಬರಿಕಾರ ಮುನ್ನೂರು ಪುಟ ಬರೆದಿದ್ದ. ಒಂದು ಕಡೆಯೂ ಅವನನ್ನು ಹೊಗಳಿರಲಿಲ್ಲ. ಬರೀ ಮೆಟ್ಟಿಲು ಎಣಿಸಿದ್ದ.

ಗುಡಿಯ ಜನಕ್ಕೆ ಹುಚ್ಚು ಹಿಡಿಯಿತು. ಅಡಿವೆಪ್ಪ ಹೊಲ ಒಲ್ಲೆ ಎಂದ ದಿನ "ಹೌದ್ರಿ ಹೌದು!" ಎಂದು ಚಾವಣಿ ಹಾರುವಂತೆ ಕೂಗಿ ಪುಸ್ತಕದ ಮೇಲೆ ಅಕ್ಕಿಕಾಳು ಎರಚಿದರು. ದಿವಾನ ಅವನಿಗೆ ಹೊಡೆದ ದಿನ ಯಾರೋ ದಿವಾನನ ಮೇಲೆ ಚಪ್ಪಲಿ ಎಸೆದರು. ಅದು ಗುರುರಾಜನಿಗೆ ಬಡಿಯಿತು. ಕೂತಿದ್ದ ಗಂಡಸರಲ್ಲಿ ಪ್ರತಿಯೊಬ್ಬನೂ ಅಡಿವೆಪ್ಪ ತಾನೇ ಎಂದು ತಿಳಿದು ಪಕ್ಕದವನನ್ನು ಕನಿಕರದಿಂದ ನೋಡತೊಡಗಿದ.

ಕ್ಷೌರದ ಕೊಟ್ರಪ್ಪ ಮೊದಲು ಕಾರ್ಯಕ್ಕೆ ಇಳಿದ. ಕಿವಿ ಮುಚ್ಚುವ ಕಟಿಂಗು ಕೇಳಿ ಬಂದ ಕಾಲೇಜು ಹುಡುಗರಿಗೆ, "ಕೂದಲಾ ನಿಂದು, ಕತ್ತರಿ ನಂದು. ನನ್ನ ಆತ್ಮಕ್ಕ ಒಪ್ಪದ ಕಟಿಂಗ ನಾ ಮಾಡಾಂವಲ್ಲ" ಎಂದು ಎಲ್ಲರಿಗೂ ಪೊಲೀಸ್ ಕ್ರಾಪು ಹೊಡೆದ. ಒಬ್ಬ ಅರ್ಧ ತಲೆಯಲ್ಲೇ ಎದ್ದು ಟವೆಲ್ ಸಮೇತ ಓಡಿಹೋದ. ನಾಲ್ಕು ದಿನ ಅಂಗಡಿಗೆ ನೊಣವೂ ಬರಲಿಲ್ಲ. ಐದನೆಯ ದಿನ ಕೊಟ್ರಪ್ಪನ ಆತ್ಮ ಕಿವಿ ಮುಚ್ಚುವ ಕಟಿಂಗಿಗೆ ಒಪ್ಪಿತು.

ಸಂಗಪ್ಪ ಸುಮ್ಮನಿರುವವನಲ್ಲ. ಕಮಿಟಿ ಸಭೆ ಕರೆದು ಠರಾವು ಬರೆಸಿದ: "ಇನ್ನು ಮುಂದೆ ಪ್ರತಿಯೊಬ್ಬರೂ ತಮ್ಮ ಸ್ವಂತ ಬುದ್ಧಿಯಿಂದಲೇ ನಡೆಯತಕ್ಕದ್ದು. ತಪ್ಪಿದವರು ಗುಡಿಗೆ ಒಂದು ತೆಂಗಿನಕಾಯಿ ದಂಡ ಕೊಡತಕ್ಕದ್ದು."

"ಯಾರದರ ವಿರೋಧ ಐತೇನು?" ಎಂದು ಕೇಳಿದ.

ಯಾರದೂ ಇರಲಿಲ್ಲ. ಎಲ್ಲರೂ ಒಟ್ಟಿಗೆ ಕೈ ಎತ್ತಿದರು.

ಇದನ್ನೆಲ್ಲ ಯಮುನಾಬಾಯಿ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಆಕೆಗೆ ಮೊದಮೊದಲು ಅಡಿವೆಪ್ಪ ಹಿಡಿಸಿರಲಿಲ್ಲ. ಆಕೆ ಕೇಳಿದ್ದ ಪುರಾಣಗಳಲ್ಲಿ ಸತ್ಯವಂತನಿಗೆ ಕಷ್ಟ ಬಂದರೆ ಮೇಲಿನಿಂದ ಯಾರಾದರೂ ಇಳಿದು ಬರುತ್ತಿದ್ದರು. ಬರುವ ತನಕ ಹಟ ಹಿಡಿದರೆ ಅದಕ್ಕೊಂದು ಅರ್ಥ. ಇವನಿಗೆ ಯಾರೂ ಬರುವ ಲಕ್ಷಣವಿಲ್ಲ. ಐದೇ ಮಿನಿಟಿಗೆ ಇಷ್ಟು ರಂಪ ಯಾಕೆ? ಹಾಗೆಂದೇ ಒರಳುಕಲ್ಲಿಗೆ ಆ ಪ್ರಶ್ನೆ.

ಉತ್ತರ ಸಿಕ್ಕಿದ್ದು ಮಹಬೂಬಸಾಬನಿಂದ. ಅವನು ಸ್ಟೇಶನ್ ರೋಡಿನಲ್ಲಿ ಗಡಿಯಾರ ರಿಪೇರಿ ಮಾಡುವವನು. ಗುಡಿಯ ಗೋಡೆ ಗಡಿಯಾರ ಒರೆಸಿ ಎಣ್ಣೆ ಬಿಡಲು ಬಂದವನು ಆವತ್ತಿನ ಓದು ಮುಗಿಯುವ ತನಕ ಏಣಿಯ ಮೇಲೇ ಕೂತು ಕೇಳಿದ.

"ಹೆಂಗೈತಿ ಸಾಬ್ರ ನಮ್ಮ ಅಡಿವೆಪ್ಪನ ಕಥಿ? ನಿಮ್ಮ ಪೈಕೀನ ಅದಾನ," ಎಂದ ಸಂಗಪ್ಪ, ತಾನೇ ಬರೆದವನಂತೆ.

"ಭಾಳ ಚಲೋ ಐತ್ರಿ. ಗಡಿಯಾರ ಯಾವ ಕಂಪನಿದ್ರಿ?"

ಗುರುರಾಜ ಪುಟ ತಿರುವಿ ನೋಡಿದ. ಬರೆದಿರಲಿಲ್ಲ.

"ಇರ್ಲಿ ಬಿಡ್ರಿ. ಸಾವಕಾರ್ರ, ನಿಮ್ಮ ಗುಡಿ ಗಡಿಯಾರ ಹತ್ತು ಮಿನಿಟು ಹಿಂದ ಐತಿ. ಸರಿ ಮಾಡ್ಲೇನ್ರಿ?"

"ಏ, ಬ್ಯಾಡ ಬ್ಯಾಡ!" ಸಂಗಪ್ಪ ಗಾಬರಿಯಾದ. "ಅದನ್ನ ನಾನ ಸರಸಿಟ್ಟೇನಿ. ನಾ ಅಂಗಡಿ ಮುಚ್ಚಿ ಬರೂದ್ರಾಗ ಪುರಾಣ ಶುರು ಆಗಿ ಬಿಡ್ತಿತ್ತು."

ಮಹಬೂಬಸಾಬ ಒಂದು ಕ್ಷಣ ಗಡಿಯಾರವನ್ನು ನೋಡಿದ. ಆಮೇಲೆ ಪುಸ್ತಕವನ್ನು ನೋಡಿದ. "ಆತ್ರಿ," ಎಂದು ಗಾಜು ಒರೆಸಿ ಇಳಿದು ಏಣಿ ಹೊತ್ತುಕೊಂಡು ಹೋದ. ಯಾರೂ ನಗಲಿಲ್ಲ. ನಗಬೇಕೆಂದು ಯಾರಿಗೂ ಹೊಳೆಯಲಿಲ್ಲ. ಠರಾವಿನಲ್ಲಿ ಅದರ ಮಾತಿರಲಿಲ್ಲ.

ಯಮುನಾಬಾಯಿ ಮಾತ್ರ ಮನೆಗೆ ಹೋಗುವ ದಾರಿಯಲ್ಲಿ ಆ ಹತ್ತು ಮಿನಿಟನ್ನು ಲೆಕ್ಕ ಹಾಕುತ್ತ ನಡೆದಳು. ಎಷ್ಟು ವರ್ಷದಿಂದ ಆ ಗಡಿಯಾರ ನೋಡಿ ಆಕೆ ದೀಪ ಹಚ್ಚಿದ್ದಳು, ಎಷ್ಟು ಸಲ ಆಚಾರ್ಯರು ಅದನ್ನು ನೋಡಿ ಸಂಧ್ಯಾವಂದನೆಗೆ ಎದ್ದಿದ್ದರು! ಹನಮಪ್ಪನೂ ಹತ್ತು ಮಿನಿಟು ತಡವಾಗಿ ನೈವೇದ್ಯ ಉಂಡಿದ್ದ, ಅರಳೆ ಅಂಗಡಿ ಮುಚ್ಚುವ ತನಕ ಕಾದು. ಅಡಿವೆಪ್ಪನ ಐದು ಮಿನಿಟು ಏನೆಂದು ಆಕೆಗೆ ಈಗ ಕಣ್ಣಿಗೆ ಕಟ್ಟಿತು. ಅವನು ಗಡಿಯಾರ ಕಾಯುತ್ತಿರಲಿಲ್ಲ. ಕತ್ತೆತ್ತಿ ಅದನ್ನು ನಂಬಿ ನೋಡುವವರನ್ನು ಕಾಯುತ್ತಿದ್ದ.

ಮರುದಿನ ಮುಂಜಾನೆ ಗುಡಿಗೆ ಹೋಗಿ ಹುಲಗಪ್ಪನ ಕೈಗೆ ಕಾಯಿ ಕೊಟ್ಟಳು.

"ಯಾರ ಹೆಸರಿಲೆ ಒಡೀಲೆವ್ವಾ?"

"ಅಡಿವೆಪ್ಪನ ಹೆಸರಿಲೆ."

"ಯಾವ ಅಡಿವೆಪ್ಪ?"

"ಗಡಿಯಾರದಾಂವ."

ಹುಲಗಪ್ಪ ಕಾಯಿ ಕೈಯಲ್ಲಿ ಹಿಡಿದೇ ನಿಂತ. "ಅಂವ ಪುಸ್ತಕದಾಗ ಇದ್ದಾನಲ್ರಿ ಎವ್ವಾ. ಮನಿದೇವ್ರು ಯಾವ್ದು, ನಕ್ಷತ್ರ ಯಾವ್ದು, ಏನೂ ಗೊತ್ತಿಲ್ಲ."

"ಹನಮಪ್ಪಗ ಗೊತ್ತಿರ್ತದ. ನೀ ಒಡಿ."

ಹುಲಗಪ್ಪ ಒಡೆದ. ಯಮುನಾಬಾಯಿ ಅಷ್ಟು ಮಾತಾಡಿದ್ದು ಅವನು ಕೇಳಿದ್ದು ಅದೇ ಮೊದಲು. ಆ ಗಾಬರಿಗೆ ಕಾಯಿ ಮೂರು ಹೋಳಾಯಿತು.

ಶ್ರಾವಣ ಮುಗಿಯಲು ಎರಡು ದಿನವಿತ್ತು. ಗುರುರಾಜ ಮುಂಜಾನೆ ಪಡಸಾಲೆಯಲ್ಲಿ ಕಡೆಯ ಅಧ್ಯಾಯ ಓದಿಕೊಳ್ಳುತ್ತಿದ್ದ. ಯಮುನಾಬಾಯಿ ಒಲೆಯ ಮುಂದೆ ಕಿವಿಯಾಗಿ ಕೂತಿದ್ದಳು. ಅಡಿವೆಪ್ಪನಿಂದ ಕೀಲಿ ಕಸಿದುಕೊಳ್ಳುತ್ತಾರೆ. ಗೋಪುರಕ್ಕೆ ಬೇರೊಬ್ಬ ಬರುತ್ತಾನೆ, ಗಡಿಯಾರ ಹಿಂದೆ ಸರಿಯುತ್ತದೆ, ಊರು ಸುಖವಾಗಿರುತ್ತದೆ. ಅವನು ಊರ ಹೊರಗೆ ಗುಡಿಸಲ ಮುಂದೆ ನೆಲಕ್ಕೆ ಒಂದು ಕೋಲು ನೆಡುತ್ತಾನೆ. ಅದರ ನೆರಳು ಎಲ್ಲಿ ಬಿದ್ದರೆ ಎಷ್ಟು ತಾಸು ಎಂದು ಸುತ್ತ ಹತ್ತಾರು ಕಲ್ಲು ಇಡುತ್ತಾನೆ. ಯಾರೂ ನೋಡಲು ಬರುವುದಿಲ್ಲ. ಒಂದು ಮುಂಜಾನೆ ಆ ಕಲ್ಲುಗಳ ನಡುವೆಯೇ ಮಲಗಿ ಏಳುವುದಿಲ್ಲ. ಪುಸ್ತಕದ ಕಡೆಯ ಸಾಲು ಇಷ್ಟೇ: "ಕೋಲಿನ ನೆರಳು ಅವನ ಹಣೆಯ ಮೇಲೆ ಹಾದುಹೋಯಿತು. ಆಗ ಸರಿಯಾಗಿ ಹತ್ತು ಗಂಟೆ."

ಒಲೆಯ ಮೇಲೆ ಸಾಸಿವೆ ಸಿಡಿದು, ಕರಿಯಾಗಿ, ಹೊಗೆಯಾಗಿ, ಅಡಿಗೆಮನೆ ತುಂಬಿತು. ಆಕೆಗೆ ತಿಳಿಯಲಿಲ್ಲ.

"ವೈನಿ, ಏನೋ ಹೊತ್ತಲಿಕ್ಕತ್ತದ!" ಎಂದು ಗುರುರಾಜ ಓಡಿ ಬಂದ.

"ಹೊತ್ಲಿ," ಎಂದಳು. ಕಣ್ಣು ಒರೆಸಿಕೊಂಡಳು. "ಎಂಥಾ ಮಾತು ಬರದಾನ ಗುರಣ್ಣ ಅಂವ. ನೆರಳು ಸೈತ ಬಂದು ಕೈ ಮುಗದು ಹೋತು ನೋಡು."

ಗುರುರಾಜ ಅದನ್ನು ಹಾಗೆ ನೋಡಿರಲಿಲ್ಲ. ಅವನು ಕೋಲಿನ ಎತ್ತರಕ್ಕೂ ನೆರಳಿನ ಉದ್ದಕ್ಕೂ ಲೆಕ್ಕ ಹಾಕುತ್ತಿದ್ದ.

ಆ ಮಧ್ಯಾಹ್ನವೇ ಸಂಗಪ್ಪ, ಕೊಟ್ರಪ್ಪ ಇಬ್ಬರೂ ಮನೆಗೆ ಬಂದರು. ಕಥೆ ಹೇಗೆ ಮುಗಿಯುತ್ತದೆ ಎಂದು ಮೊದಲೇ ಕೇಳಿಕೊಂಡು ಅದಕ್ಕೆ ತಕ್ಕ ಹಾರ ತುರಾಯಿ ತರಿಸಬೇಕಿತ್ತು. ಗುರುರಾಜ ಹೇಳಿದ. ಯಮುನಾಬಾಯಿ ಚಹಾ ತಂದಿಟ್ಟು ಬಾಗಿಲ ಮರೆಗೆ ನಿಂತಳು.

"ಸಾಯ್ತಾನ?" ಸಂಗಪ್ಪನ ಕೈಯ ಚಹಾದ ಬಸಿ ಅಲ್ಲೇ ನಿಂತಿತು. "ಕಡೀ ಸೋಮವಾರ ಮಾಸ್ತರ! ಹೂರಣದ ಹೋಳಿಗಿ ಮಾಡ್ಸೇನಿ. ಹೆಣದ ಮ್ಯಾಲ ಪುಸ್ತಕ ಮುಚ್ಚಿ ಹೋಳಿಗಿ ತಿನ್ನಾಕ ಅಕ್ಕೈತೇನ್ರಿ?"

"ಮುಂದ ಪುಟಾನ ಇಲ್ರಿ. ಅಲ್ಲೇ ಮುಗೀತದ."

"ಇಲ್ದಿದ್ರ ಬರೀರಿ. ಒಂದು ಲಗ್ನಾ ಮಾಡ್ರಿ ಅಂವಗ."

"ಯಾರ ಜೋಡಿ?"

"ರಾಜಾಗ ಮಗಳದಾಳಿಲ್ಲೋ?"

"ಪುಸ್ತಕದಾಗಂತೂ ಇಲ್ಲ."

"ಹುಟ್ಟಸ್ರಿ. ನಿಮ್ಮ ಪೆನ್ನಿಗೇನು ಬ್ಯಾನಿ ಬರ್ತಾವೇನು?"

ಕೊಟ್ರಪ್ಪ ಗಲ್ಲ ಕೆರೆದುಕೊಂಡ. "ಅಲ್ರೀ, ಅಂವಗ ಅರವತ್ತೆಂಟು ಆಗೈತಿ ಅಂತ ಮೊನ್ನೆ ಓದಿದ್ರಲ್ಲ."

"ನನಗ ಅರವತ್ತೊಂದು. ಏನಾಗೇನಿ ನಾ?" ಸಂಗಪ್ಪ ಎದೆ ಸೆಟೆಸಿದ. ಆಮೇಲೆ ದನಿ ಇಳಿಸಿದ. "ನೋಡ್ರಿ ಮಾಸ್ತರ. ರಾಜಾಗ ಬುದ್ಧಿ ಬರ್ತೈತಿ. ಬಂದು ಅಪ್ಪಿಕೊಳ್ತಾನ. ಮಗಳನ್ನ ಕೊಡ್ತಾನ. ಅಡಿವೆಪ್ಪಗೂ ಕರಳು ಚುರ್ ಅಂದು, ತನ್ನ ಕೈಲೇನ ಗಡಿಯಾರ ಐದು ಮಿನಿಟು ಹಿಂದ ಸರಸ್ತಾನ. ಹೆದರಿಕಿಗೆ ಅಲ್ಲ ಮತ್ತ, ಪ್ರೀತಿಗೆ. ಹೆಂಗೈತಿ?"

"ಕಣ್ಣಾಗ ನೀರ ಬಂತ್ರಿ," ಎಂದ ಕೊಟ್ರಪ್ಪ.

ಸಂಗಪ್ಪ ಏಳುತ್ತ, ಶಾಲೆಯ ಕಮಿಟಿ ಬರುವ ವಾರ ಕೂಡುತ್ತದೆ, ಟೆಂಪರರಿ ಮಾಸ್ತರರ ವಿಷಯ ಅದರಲ್ಲಿದೆ ಎಂದು ಸುಮ್ಮನೆ ಹವಾಮಾನದ ಮಾತಿನಂತೆ ಹೇಳಿ ಚಪ್ಪಲಿ ಮೆಟ್ಟಿಕೊಂಡ.

ಅವರು ಹೋದ ಮೇಲೆ ಯಮುನಾಬಾಯಿ ಪಡಸಾಲೆಗೆ ಬಂದಳು. ಖಾಲಿ ಬಸಿ ಎತ್ತಿದಳು. ಮತ್ತೆ ಇಟ್ಟಳು.

"ಬರೀತೀ ಏನು?"

"ವೈನಿ, ನಾ ಅಡಿವೆಪ್ಪ ಅಲ್ಲ. ನಾ ಟೆಂಪರರಿ ಮಾಸ್ತರ."

"ಅಂವ ನಿನಗ ಹೊಲಾ ಕೊಡ್ತೀನಿ ಅಂದ್ನೇನು?"

"ನೌಕರಿ ಪಕ್ಕಾ ಮಾಡ್ತೀನಿ ಅಂದ. ಹೊಲಾ ಏನು, ನೌಕರಿ ಏನು." ಅವನು ಪುಸ್ತಕ ಮುಚ್ಚಿದ, ಕುಂಕುಮ ಕೈಗೆ ಹತ್ತಿತು. "ನೀವು ಸಿಟ್ಟಾಗಬ್ಯಾಡ್ರಿ. ಒಂದು ಪುಟದ ಮಾತು. ಯಾರಿಗೆ ಗೊತ್ತಾಗ್ತದ?"

ಆಕೆ ಸಿಟ್ಟಾಗಿರಲಿಲ್ಲ. ಅವನಿಗೆ ಎರಡು ಮಕ್ಕಳು, ಮೂರನೆಯದು ಹಾದಿಯಲ್ಲಿತ್ತು. ಅವನಿಗೆ ಮೆಟ್ಟಿಲು ಏರು ಎನ್ನಲು ತಾನು ಯಾರು? ಪಾತ್ರೆ ತೊಳೆಯುತ್ತ ಆಕೆ ಮಂಗಳದ ಹಾಡು ಮನಸ್ಸಿನಲ್ಲಿ ಹಿಡಿದಳು. ಎರಡನೆಯ ಸಾಲಿಗೆ ಅದು ತಂತಾನೇ ನಿಂತಿತು. ಮತ್ತೆ ಹಿಡಿದಳು. ಮತ್ತೆ ಅಲ್ಲಿಯೇ.

ಕಡೆಯ ಸೋಮವಾರ ಗುಡಿ ಕಿಕ್ಕಿರಿದಿತ್ತು. ಹೂರಣದ ವಾಸನೆ ಗರ್ಭಗುಡಿಯ ತನಕ ಬಂದು ಕರ್ಪೂರವನ್ನು ಸೋಲಿಸಿತ್ತು. ಪ್ರಾಂಗಣದಲ್ಲಿ ಎಲೆ ಹಾಕಿ ಆಗಿತ್ತು. ತುಪ್ಪದ ತಪ್ಪೇಲಿ ಹಿಡಿದು ಇಬ್ಬರು ಬಾಗಿಲಲ್ಲೇ ನಿಂತಿದ್ದರು. ಪುಸ್ತಕಕ್ಕೆ ಮಾರುದ್ದದ ಹಾರ. ಹೆಂಗಸರ ಸಾಲಿನ ಮುಂದೆ ಯಮುನಾಬಾಯಿ, ತೊಡೆಯ ಮೇಲೆ ಆರತಿ ತಟ್ಟೆ. ಆಕೆಯ ಬೆನ್ನಿಗೆ ಪದ್ಮಾಬಾಯಿ, ತೊಡೆಯ ಮೇಲೆ ಇನ್ನೊಂದು ಆರತಿ ತಟ್ಟೆ. ಜರತಾರಿ ಸೀರೆ ಬೇರೆ.

"ಗಂಟಲಾ ಹೆಂಗದ ವೈನಿ?" ಎಂದು ಪದ್ಮಾಬಾಯಿ ಕಿವಿಯಲ್ಲಿ ಕೇಳಿದಳು.

"ಚಲೋ ಅದ."

"ಮೊನ್ನೆ ಸ್ವಲ್ಪ ಕೆಮ್ಮಿದಂಗಿತ್ತು."

"ಸಾಸಿವಿ ಹೊತ್ತಿತ್ತು."

ಗುರುರಾಜ ಕೋಲಿನ ತನಕ ಸರಿಯಾಗಿಯೇ ಓದಿದ. ಕಲ್ಲುಗಳನ್ನೂ ಓದಿದ. ಆಮೇಲೆ ಪುಸ್ತಕದೊಳಗಿಂದ ನಾಲ್ಕು ಮಡಿಕೆಯ ಹಾಳೆ ತೆಗೆದ. ದನಿ ಮತ್ತೆ ಹದಿನೇಳರ ಮಗ್ಗಿಯದಾಯಿತು. ಕುದುರೆ ಗಾಡಿ ಬಂತು. ರಾಜ ಇಳಿದ, ಅತ್ತ, ಅಪ್ಪಿದ. ಎಲ್ಲಿಂದಲೋ ಒಬ್ಬ ರಾಜಕುಮಾರಿ ಹುಟ್ಟಿ, ಬೆಳೆದು, ಒಂದೂವರೆ ಸಾಲಿನಲ್ಲಿ ಮದುವೆಯ ವಯಸ್ಸಿಗೆ ಬಂದಳು. ಅಡಿವೆಪ್ಪ ಬಾಸಿಂಗ ಕಟ್ಟಿಕೊಂಡು ನೂರಾ ಹದಿನಾಲ್ಕು ಮೆಟ್ಟಿಲು ಏರಿ, ಪ್ರೀತಿಗೆ, ಗಡಿಯಾರವನ್ನು ಐದು ಮಿನಿಟು ಹಿಂದೆ ಸರಿಸಿದ.

"ಹೌದ್ರಿ ಹೌದು!" ಗುಡಿ ಗುಡುಗಿತು. ಕೊಟ್ರಪ್ಪ ನಿಜವಾಗಿ ಅಳುತ್ತಿದ್ದ. ನಿನ್ನೆಯ ತನಕ ಸರಿಸಬೇಡ ಎಂದು ಚಪ್ಪಲಿ ಎಸೆದ ಕೈಗಳೇ ಇಂದು ಸರಿಸಿದ್ದಕ್ಕೆ ಅಕ್ಕಿಕಾಳು ಎರಚಿದವು. ಯಮುನಾಬಾಯಿಗೆ ಅವರ ಮೇಲೂ ಸಿಟ್ಟು ಬರಲಿಲ್ಲ. ದೇವರನ್ನಾಗಿ ಮಾಡಿ ಕೈ ಮುಗಿದುಬಿಟ್ಟರೆ ಸುಖ, ಅವನಂತೆ ಇರಬೇಕಾಗಿಲ್ಲ. ತಾನೂ ಒಂದು ಕಾಯಿ ಒಡೆಸಿದವಳೇ ಅಲ್ಲವೇ?

ಗುರುರಾಜ ಹಾಳೆ ಮಡಿಚಿಟ್ಟ. ತಲೆ ಎತ್ತಲಿಲ್ಲ.

"ಮಂಗಳಾ ಹಾಡ್ರಿ ಯಮುನಾಬಾಯಾರ," ಎಂದ ಸಂಗಪ್ಪ.

ಗುಡಿ ಸುಮ್ಮನಾಯಿತು. ವರ್ಷಕ್ಕೊಮ್ಮೆ ಆಕೆಗಾಗಿ ಆಗುವ ಆ ಮೌನ. ಅದರ ತೂಕ ಆಕೆಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು. ಬಾಯಿ ತೆರೆದರೆ ಸಾಕು, ದನಿ ತಾನೇ ಹೊರಡುತ್ತಿತ್ತು, ಆ ನಾಲ್ಕು ಮಡಿಕೆಯ ಹಾಳೆಗೆ ರುಜು ಬೀಳುತ್ತಿತ್ತು. ಆಕೆ ಗೋಡೆಯ ಮೇಲಿನ ಗಡಿಯಾರ ನೋಡಿದಳು. ಅದು ಏಳೂವರೆ ಎನ್ನುತ್ತಿತ್ತು. ನಿಜಕ್ಕೂ ಏಳೂ ನಲವತ್ತು ಆಗಿತ್ತು. ಆರತಿಗೆ ಹುಲಗಪ್ಪ ಬೆಂಕಿಕಡ್ಡಿ ಗೀರಿ ಹಿಡಿದಿದ್ದ. ಆಕೆ ತಟ್ಟೆ ಮುಂದೆ ಮಾಡಲಿಲ್ಲ. ಕಡ್ಡಿ ಉರಿದು ಅವನ ಬೆರಳಿಗೆ ಬಂತು.

"ಕೇಳಸ್ಲಿಲ್ಲೇನ್ರಿ? ಮಂಗಳಾ."

"ಕೇಳಿಸ್ತು," ಎಂದಳು ಯಮುನಾಬಾಯಿ. "ಓದಿದ್ದೂ ಕೇಳಿಸ್ತು."

ಯಾರೋ ಬಾಗಿಲಲ್ಲಿ ತುಪ್ಪದ ತಪ್ಪೇಲಿ ಕೆಳಗಿಟ್ಟರು. ಬೆನ್ನ ಹಿಂದೆ ಪದ್ಮಾಬಾಯಿ ಮೆಲ್ಲಗೆ ಗಂಟಲು ಸರಿಮಾಡಿಕೊಂಡಳು. ಎಷ್ಟೋ ಶ್ರಾವಣಗಳ ತಯಾರಿಯ ಗಂಟಲು ಅದು. ಜರತಾರಿ ಸೀರೆ ಸರಬರ ಎಂದಿತು. ಯಮುನಾಬಾಯಿಗೆ ಅದೂ ಕೇಳಿಸಿತು. ಮುಂದಿನ ಶ್ರಾವಣದಲ್ಲಿ ತಾನು ಈ ಸಾಲಿನಲ್ಲಿ ಎಲ್ಲಿ ಕೂತಿರುತ್ತೇನೆ ಎಂಬುದೂ ಸರಿಯಾಗಿ ಕಂಡಿತು: ಹಿಂದೆ, ಕಂಬದ ಆಚೆ, ಬಾಯಿ ಮುಚ್ಚಿಕೊಂಡು.

ಸಂಗಪ್ಪ ಅಕ್ಕಪಕ್ಕ ನೋಡಿ, ನಗಲು ಪ್ರಯತ್ನಿಸಿ, ದನಿಗೆ ಬೆಲ್ಲ ಹಚ್ಚಿದ. "ಎಲ್ಲಾರೂ ಹಸದಾರ್ರಿ ತಾಯಿ. ಹೋಳಿಗಿ ಆರಾಕ ಹತ್ಯಾವ. ಎರಡು ಮಿನಿಟಿನ ಹಾಡು. ಹಾಡಿದ್ರ ನಿಮ್ಮದೇನು ಹೋಗ್ತೈತಿ?"

ಅದು ಆಕೆಯದೇ ಪ್ರಶ್ನೆ; ಒರಳುಕಲ್ಲಿಗೆ ಕೇಳಿದ್ದು. ಕಲ್ಲು ಅವತ್ತು ಉತ್ತರ ಕೊಟ್ಟಿರಲಿಲ್ಲ.

ಯಮುನಾಬಾಯಿ ಆರತಿ ತಟ್ಟೆಯನ್ನು ತೊಡೆಯಿಂದ ಎತ್ತಿ ನೆಲದ ಮೇಲಿಟ್ಟಳು. ಇಡೀ ಓಣಿಗೆ ಕೇಳುವ ದನಿಯಲ್ಲಿ, ಮಂಗಳ ಹಾಡುವಾಗಿನ ಅದೇ ದನಿಯಲ್ಲಿ, ಹೇಳಿದಳು:

"ಒಲ್ಲೆ. ನಾ ಹಾಡೂದಿಲ್ಲ."